ಪಣಜಿಯನ್ನು ಪುಕ್ಕಟೆ ನೋಡುವ ವಿದ್ಯೆ

ಹಾನಗಲ್ಲಿನಿಂದ ಯಾರೇ ಪಣಜಿಗೆ ಹೊರಟರೂ ಮೊದಲು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದಲೋ ನನಗೇ ಗೊತ್ತಿಲ್ಲ. ನಾನು ಜೂಜುಗಾರನಲ್ಲ, ಇಸ್ಪೀಟಿನ ಎಲೆಯಲ್ಲಿ ರಾಜ ಯಾರು, ಗುಲಾಮ ಯಾರು ಎಂದು ತಿಳಿಯಲು ಇಂದಿಗೂ ಅವರ ಗಡ್ಡ ನೋಡಬೇಕಾದವನು. ನನ್ನ ಕೀರ್ತಿಗೆ ಕಾರಣ ಬೇರೆ. ನದಿಯ ಮೇಲೆ ತೇಲುವ ಹಡಗುಗಳಲ್ಲಿ ಕ್ಯಾಸಿನೊ ನಡೆಸಿ, ಬಂದವರ ಕಿಸೆ ಹಗುರ ಮಾಡಿ ಕಳಿಸುವ ಆ ಊರಿಗೆ ಹೋಗಿ, ಕಿಸೆಯನ್ನು ಒಯ್ದ ಹಾಗೆಯೇ ವಾಪಸು ತಂದವನು ತಾಲೂಕಿನಲ್ಲಿ ನಾನೊಬ್ಬನೇ ಎಂದು ಮಂದಿ ನಂಬಿದ್ದಾರೆ. ಬಹಳ ದಿನ ನಾನೂ ನಂಬಿದ್ದೆ.

ನನ್ನ ಉಪದೇಶ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ನದಿ ಕಾಣುವ ಲಾಡ್ಜು ಹಿಡಿಯಬೇಡಿ; ನದಿಯನ್ನು ಕಿಟಕಿಯಿಂದ ನೋಡಿದರೆ ಬಾಡಿಗೆ, ದಂಡೆಯಿಂದ ನೋಡಿದರೆ ಪುಕ್ಕಟೆ. ಬಸ್ಸಿನಿಂದ ಇಳಿದ ಕೂಡಲೇ ಟ್ಯಾಕ್ಸಿಯವರು ಮುತ್ತಿದರೆ, ಅದೇ ಊರಿನಲ್ಲಿ ಹುಟ್ಟಿ ಬೇಸತ್ತವರ ಹಾಗೆ ಮುಖ ಗಂಟು ಹಾಕಿಕೊಂಡು ನಡೆಯಿರಿ. ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಕುರುಕಲು ಸವಣೂರಿನ ಖಾರ ಕಟ್ಟಿಕೊಂಡರೆ ಹೋಟೆಲಿನ ದರದ ಬೋರ್ಡು ಓದುವ ಪ್ರಸಂಗವೇ ಬರುವುದಿಲ್ಲ. ನದಿ ದಾಟಿಸುವ ಫೆರಿಯಲ್ಲಿ ನಡೆದು ಬಂದವರಿಗೆ ದುಡ್ಡಿಲ್ಲ; ಅದರಲ್ಲಿ ಆಚೆ ಹೋಗಿ, ಇಳಿದಂತೆ ಮಾಡಿ, ಅದರಲ್ಲೇ ಈಚೆ ಬನ್ನಿ, ಜಲವಿಹಾರ ಮುಗಿಯಿತು. ಬಿಳಿಯ ಚರ್ಚು, ಬಣ್ಣದ ಹಳೆಯ ಮನೆಗಳ ಓಣಿ, ಸಮುದ್ರ, ಮುಳುಗುವ ಸೂರ್ಯ, ಯಾವುದಕ್ಕೂ ಟಿಕೀಟಿಲ್ಲ. ಕ್ಯಾಸಿನೊದವರು ರಸ್ತೆಯಲ್ಲಿ ಹಂಚುವ ಜಾಹೀರಾತು ದಪ್ಪ ಹಾಳೆಯದು. ಗಾಳಿ ಹಾಕಿಕೊಳ್ಳಲು ಬರುತ್ತದೆ, ತಲೆಗೊಂದರಂತೆ ಕೇಳಿ ಇಸಿದುಕೊಳ್ಳಿ. ಇನ್ನು ಕ್ಯಾಸಿನೊದ ವಿಷಯ. ದೀಪ ಹತ್ತಿದ ಮೇಲೆ ದಂಡೆಯಲ್ಲಿ ನಿಂತವನಿಗೆ ಇಡೀ ಹಡಗು ಕಾಣುತ್ತದೆ; ಒಳಗೆ ಹೋದವನಿಗೆ ಹಡಗು ಕಾಣುವುದಿಲ್ಲ. ಈ ಕೊನೆಯ ಮಾತಿಗೆ ಕೇಳುಗರು ತಪ್ಪದೆ ತಲೆದೂಗುತ್ತಾರೆ. ಒಬ್ಬರಂತೂ ಇದರಲ್ಲಿ ವೇದಾಂತವಿದೆ ಎಂದರು. ನಾನು ಇಲ್ಲವೆನ್ನಲಿಲ್ಲ.

ಒಂದು ವಿಷಯವನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಪುಕ್ಕಟೆ ಜಾಗಗಳು ಮನುಷ್ಯನನ್ನು ಕೂರಗೊಡುವುದಿಲ್ಲ. ದುಡ್ಡು ಕೊಟ್ಟವನಿಗೆ ಕುರ್ಚಿ ಇರುತ್ತದೆ, ಕೊಡದವನಿಗೆ ಕಾಲು ಮಾತ್ರ. ಒಂದು ಕಡೆ ನಿಂತು ಎರಡು ನಿಮಿಷವಾಗಿರುವುದಿಲ್ಲ, ಮುಂದೆ ಏನಿದೆ ಎಂಬ ತುರಿಕೆ ಶುರುವಾಗುತ್ತದೆ. ಚರ್ಚಿನಲ್ಲಿದ್ದಾಗ ಓಣಿ, ಓಣಿಯಲ್ಲಿದ್ದಾಗ ಸಮುದ್ರ, ಸಮುದ್ರದ ಮುಂದೆ ನಿಂತಾಗ ಕೊನೆಯ ಬಸ್ಸು. ನಾನು ಆ ಊರಿಗೆ ಎಷ್ಟೋ ಸಲ ಹೋಗಿದ್ದೇನೆ. ನನಗೆ ಖಚಿತವಾಗಿ ನೆನಪಿರುವುದು ನನ್ನ ಚಪ್ಪಲಿ ಮಾತ್ರ.

ಇಂಥ ನನ್ನ ಬಳಿಗೆ ಒಂದು ದಿನ ಅಕ್ಕ ಬಂದಳು. ಪ್ರಭಕ್ಕ ನನಗಿಂತ ದೊಡ್ಡವಳು, ಸವಣೂರಿಗೆ ಕೊಟ್ಟಿದೆ. ಮನೆಯ ಖಾರದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಅರ್ಧ ಆಯುಷ್ಯ ಕಳೆದವಳು. ಎರಡೂ ಮೊಣಕಾಲು ಸವೆದು, ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಆಪರೇಶನ್ ಎಂದು ನಿಶ್ಚಯವಾಗಿತ್ತು. ನಾನು ಪಣಜಿಗೆ ಹೊರಟವರಿಬ್ಬರಿಗೆ ಉಪದೇಶ ಮಾಡುವುದನ್ನು ಒಳಗಿನಿಂದ ಕೇಳುತ್ತ ಕೂತಿದ್ದು, ಅವರು ಹೋದ ಮೇಲೆ ಹೊರಗೆ ಬಂದಳು.

"ತಮ್ಮಾ, ನನ್ನೂ ಕರಕೊಂಡು ಹೋಗೋ."

"ಎಲ್ಲಿಗೆ ಅಕ್ಕಾ?"

"ಅಲ್ಲಿಗೇ. ಆ ಹಡಗದಾಗ."

"ಹಡಗ ದಂಡಿ ಮ್ಯಾಲ ನಿಂತ್ರನ ಛಲೋ ಕಾಣತೈತಿ."

"ಹಡಗ ಯಾರಿಗೆ ಬೇಕೋ? ಒಳಗ ಆಡೋ ಮಂದಿ ಮಾರಿ ನೋಡಬೇಕು ನಾ. ಗೆಲ್ಲೂ ಮುಂದ ಹೆಂಗ ಇರತಾರ, ಸೋಲೂ ಮುಂದ ಹೆಂಗ ಇರತಾರ. ಕಾಲು ಕೊಯ್ಸಿಕೊಂಡ ಮ್ಯಾಲ ಹುಡುಗ್ರು ನನ್ನ ಹೊಸ್ತಿಲಾ ದಾಟಾಕ ಬಿಡೂದಿಲ್ಲ. ಸಾಯೂದ್ರಾಗ ಒಮ್ಮೆ ತೋರಿಸಿಬಿಡು."

ಅವಳಿಗೆ ಈ ಆಸೆ ಏಕೆ ಬಂತೆಂಬುದಕ್ಕೆ ನನ್ನ ಹತ್ತಿರ ಒಂದು ಚೆಂದದ ಕಾರಣವಿದೆ. ಚೆಂದವಾಗಿದೆ ಎಂದೇ ಅದರ ಮೇಲೆ ಅನುಮಾನ. ನಾಗರಪಂಚಮಿಯ ದಿನ ನಮ್ಮ ಕಡೆ ಗಂಡಸರು ನಿಂಬೆಹಣ್ಣಿನ ಪಂಥ ಕಟ್ಟುತ್ತಾರೆ; ಇಲ್ಲಿಂದ ಮುಂದಿನ ಊರಿನ ಅಗಸಿ ಬಾಗಿಲ ತನಕ ಇಷ್ಟೇ ಎಸೆತದಲ್ಲಿ ಮುಟ್ಟಿಸುತ್ತೇನೆ ಎಂದು. ಹೆಣ್ಣುಮಕ್ಕಳಿಗೆ ಜೋಕಾಲಿ. ನನ್ನ ನೆನಪಿನಲ್ಲಿ ಅಕ್ಕ ಜೋಕಾಲಿಯಿಂದ ಜಿಗಿದು ಪಂಥದವರ ಹಿಂದೆ ಓಡುತ್ತಾಳೆ, ಅಪ್ಪ ಕಿವಿ ಹಿಡಿದು ಅವಳನ್ನು ವಾಪಸು ತರುತ್ತಾನೆ, ಅವಳು ಅಳುತ್ತಾಳೆ. ಒಂದು ಕಥೆಗೆ ಬೇಕಾದ್ದೆಲ್ಲ ಇದರಲ್ಲಿದೆ. ಇದನ್ನು ಅಕ್ಕನಿಗೆ ಹೇಳಿದರೆ ನಕ್ಕುಬಿಟ್ಟಳು. "ಓಡಿದಾವ ನೀ. ಕಿವಿ ಹಿಡದು ತಂದಾಕಿ ನಾ. ಅಪ್ಪ ಅವತ್ತು ಊರಾಗ ಇರಲಿಲ್ಲ." ಹಾಗಾದರೆ ಅಳು ಯಾರದು? ನನ್ನದೇ ಇರಬೇಕು, ಅದನ್ನೂ ಅವಳ ಹೆಸರಿಗೆ ಬರೆದಿದ್ದೆ.

"ಮತ್ತ ನಿನಗ್ಯಾಕ ಈ ಆಸೆ?" ಎಂದೆ.

"ಆಸೇಕ್ಕ ಕಾರಣಾ ಬೇಕೇನೋ? ಆಗೈತಿ, ಅಷ್ಟ."

ಕರೆದುಕೊಂಡು ಹೋಗುತ್ತೇನೆ ಎಂದೆ. ಪಣಜಿಗೆ ಎಂದೆ, ಹಡಗಿಗೆ ಎನ್ನಲಿಲ್ಲ. ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿತ್ತು: ಬೆಳಗಿನಿಂದ ಪುಕ್ಕಟೆ ಜಾಗಗಳನ್ನೆಲ್ಲ ತೋರಿಸುತ್ತ ಹೋದರೆ ಸಂಜೆಗೆ ಅವಳೇ "ಸಾಕು, ಎಲ್ಲೆರೆ ಮಲಗೂಣು" ಎನ್ನುತ್ತಾಳೆ. ಮೊಣಕಾಲು ಸವೆದವಳ ಬಗ್ಗೆ ತಮ್ಮನಾದವನು ಹೀಗೆ ಯೋಚಿಸಬಹುದೇ ಎಂದು ನೀವು ಕೇಳಬಹುದು. ನಾನು ಪಾಪಿಯಲ್ಲ, ಮಿತವ್ಯಯಿ.

ಅಕ್ಕ ಸಾಕು ಎನ್ನಲಿಲ್ಲ. ಚರ್ಚಿನ ಮುಂದೆ ಕೆಳಗಿನ ಮೆಟ್ಟಿಲ ಮೇಲೇ ಕೂತು ಮೇಲೆ ನೋಡಿ ಕೈ ಮುಗಿದು, "ಛಲೋ ಐತಿ. ಇನ್ನ ಹಡಗ?" ಎಂದಳು. ಬಣ್ಣದ ಮನೆಗಳ ಓಣಿಯಲ್ಲಿ ಯಾರದೋ ಕಟ್ಟೆಗೆ ಆತುಕೊಂಡು, "ಸುಣ್ಣಾ ಛಲೋ ಹಚ್ಚ್ಯಾರ. ಇನ್ನ ಹಡಗ?" ಎಂದಳು. ಸಮುದ್ರವನ್ನು ತುಸು ಹೆಚ್ಚು ಹೊತ್ತು ನೋಡಿದಳು. ನನಗೆ ಆಸೆ ಹುಟ್ಟಿತು. "ಇಷ್ಟು ನೀರು ನಮ್ಮ ಕಡೆ ಇದ್ದಿದ್ರ," ಎಂದು ನಿಟ್ಟುಸಿರಿಟ್ಟು, "ನಡಿ, ಹೊತ್ತಾತು," ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಕೊನೆಯ ಉಪಾಯವೆಂದು ಫೆರಿ ಹತ್ತಿಸಿದೆ. ಫೆರಿ ಆ ಕ್ಯಾಸಿನೊ ಹಡಗುಗಳ ಪಕ್ಕದಲ್ಲೇ ಹಾಯುತ್ತದೆ; ಇಷ್ಟು ಹತ್ತಿರದಿಂದ ನೋಡಿದ ಮೇಲೆ ಒಳಗೇನು ಹೊರಗೇನು ಎಂದು ವಾದಿಸುವವನಿದ್ದೆ. ಅಕ್ಕ ಕಂಬಿ ಹಿಡಿದು ನಿಂತು ಒಂದು ಹಡಗಿನ ಬಾಗಿಲನ್ನೇ ನೋಡುತ್ತಿದ್ದಳು. ಸೀರೆ ಉಟ್ಟ ಹೆಂಗಸೊಬ್ಬಳು ಒಳಗೆ ಹೋಗುವುದು ಕಂಡಿತು.

"ಅಗಾ, ನನ್ನಷ್ಟ ವಯಸ್ಸಿನಾಕಿ ಹೊಂಟಾಳ ನೋಡು."

"ಆಕಿ ಕೆಲಸದಾಕಿ ಇರಬೇಕು, ಅಕ್ಕಾ."

"ಕೆಲಸದಾಕಿಗೂ ಒಳಗ ಬಿಡತಾರ. ನಾ ಏನು ಪಾಪಾ ಮಾಡೇನಿ?"

ಪಕ್ಕದಲ್ಲಿದ್ದವರು ನಕ್ಕರು. "ಯಾವೂರ್ರಿ ನಿಮ್ದು?" ಎಂದು ಕೇಳಿದವರು ಗುರುಪಾದಪ್ಪ, ಶಿಗ್ಗಾವಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಜೊತೆಯಲ್ಲಿ ಹೆಂಡತಿ ಶಾಂತಕ್ಕ. ದೂರದ ಊರಿನಲ್ಲಿ ನಮ್ಮ ಕಡೆಯವರು ಸಿಕ್ಕರೆ ಆಗುವ ಸಂತೋಷ ಆಯಿತು. "ಫೆರಿ ಛಲೋ ಐತಲ್ರಿ?" ಎಂದೆ. "ಮೂರನೇ ಸುತ್ತು ರೀ ನಮ್ದು," ಎಂದರು ಗುರುಪಾದಪ್ಪ ಖುಷಿಯಿಂದ. "ಪುಕ್ಕಟೆ ಐತಿ, ಇಳಿಯಾಕ ಮನಸ್ಸ ಬರವಲ್ದು." ಆ ಮಾತು ಕೇಳಿದ ಕೂಡಲೇ ನಾನು ಎಚ್ಚರಗೊಳ್ಳಬೇಕಿತ್ತು. ಬದಲಿಗೆ ಅಣ್ಣತಮ್ಮಂದಿರು ಸಿಕ್ಕಷ್ಟು ಪ್ರೀತಿ ಬಂತು.

ಈಚೆ ದಂಡೆಗೆ ಇಳಿದಾಗ ಎದುರಿಗೇ ಕ್ಯಾಸಿನೊದ ಟಿಕೀಟಿನ ಕೋಣೆ. "ರೇಟ್ ಕೇಳಾಕ ರೊಕ್ಕಾ ಹತ್ತೂದಿಲ್ಲಲ್ರಿ?" ಎಂದರು ಗುರುಪಾದಪ್ಪ. ಒಳಗೆ ಎಸಿ ಇತ್ತು. ತಂಪು ಗಾಳಿಯೂ ಒಂದು ಪುಕ್ಕಟೆ ದರ್ಶನವೇ ಎಂದು ನಾಲ್ವರೂ ಹೊಕ್ಕೆವು. ಕೌಂಟರಿನ ಹುಡುಗಿ ಹಿಂದಿಯಲ್ಲಿ ತಲೆಗೆ ಇಷ್ಟು, ಊಟ ಅದರಲ್ಲೇ ಎಂದಳು. ಆ ದರದಲ್ಲಿ ನಾಲ್ಕು ಮಂದಿಯೆಂದರೆ ಹಾನಗಲ್ಲಿನಲ್ಲಿ ಒಂದು ಸಣ್ಣ ನಿಶ್ಚಿತಾರ್ಥ ಮುಗಿಸಬಹುದು. ಅಕ್ಕ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ನನ್ನ ಮುಖ ನೋಡಿದಳು. ಹುಡುಗಿ "ನಾಲ್ಕಾ?" ಎಂದು ಕೇಳಿದಳು. ಆಗ ಗುರುಪಾದಪ್ಪನವರ ಕೈ ಕಿಸೆಯ ಕಡೆ ಹೋಯಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಇಬ್ಬರು ಮರ್ಯಾದಸ್ಥರು ಚಹಾ ಕುಡಿದರೆ ದುಡ್ಡು ಕೊಡಲು ಜಗಳವಾಗಲೇಬೇಕು. ಆಗದಿದ್ದರೆ ಇಬ್ಬರ ಮರ್ಯಾದೆಯೂ ಹೋಯಿತು. ಎದುರಿನವರ ಮುಂಗೈ ಹಿಡಿಯಬೇಕು, ಆಣೆ ಹಾಕಬೇಕು, ಅಂಗಡಿಯವನಿಗೆ "ಅವರ ರೊಕ್ಕಾ ಮುಟ್ಟೀ ಮತ್ತ!" ಎಂದು ಗದರಬೇಕು. ಈ ಜಗಳದಲ್ಲಿ ಸೋಲುವುದನ್ನು ನಾನೊಂದು ವಿದ್ಯೆಯಾಗಿ ಸಾಧಿಸಿದ್ದೇನೆ. ದನಿ ಗಟ್ಟಿ, ಹಿಡಿತ ಸಡಿಲ. ಬಲಗೈ ಎದುರಿನವರನ್ನು ತಡೆಯುವುದರಲ್ಲೇ ತೊಡಗಿರುವುದರಿಂದ ಅದು ನನ್ನ ಕಿಸೆಗೆ ಹೋಗಲಾರದು. ಕೊನೆಗೆ ಅವರು ಕೊಸರಿಕೊಂಡು ದುಡ್ಡು ಕೊಟ್ಟಾಗ ಮುಖ ಸಣ್ಣದು ಮಾಡಿ, "ಇದು ಸರಿ ಹೋಗಲಿಲ್ರಿ" ಎನ್ನಬೇಕು. ಇಷ್ಟೇ.

"ಏ, ನೀವು ಸುಮ್ನಿರ್ರಿ ಸರ, ನಾ ಕೊಡ್ತೇನಿ," ಎಂದರು ಗುರುಪಾದಪ್ಪ.

ಬಹುಕಾಲದ ಅಭ್ಯಾಸ. ನನ್ನ ಕೈ ತಾನಾಗಿಯೇ ಹಾರಿ ಅವರ ಮುಂಗೈ ಹಿಡಿಯಿತು. "ಛೇ ಛೇ, ಎಲ್ಲೀ ಮಾತ್ರೀ ಇದು! ಅಕ್ಕನ್ನ ಕರಕೊಂಡು ಬಂದಾಂವ ನಾ. ನಾ ಕೊಡಬೇಕು."

"ನಿಮ್ಮಕ್ಕ ಅಂದ್ರ ನಮಗೂ ಅಕ್ಕಾರನ. ಕೈ ಬಿಡ್ರಿ."

"ಬಿಡೂದಿಲ್ರಿ. ನನ್ನ ಮ್ಯಾಲ ಆಣಿ ಐತಿ!"

ಆಗ ನನಗೆ ಏನೋ ತಪ್ಪಿದೆ ಅನ್ನಿಸಿತು. ನನ್ನ ಹಿಡಿತದಲ್ಲಿದ್ದ ಮುಂಗೈ ಜಗ್ಗುತ್ತಿರಲಿಲ್ಲ. ಸತ್ತ ಮೀನಿನ ಹಾಗೆ ಮೆತ್ತಗೆ ಮಲಗಿತ್ತು. ಅವರ ಕಣ್ಣು ನೋಡಿದೆ; ಅಲ್ಲಿ ನನ್ನದೇ ಕಣ್ಣಿತ್ತು. ಶಿಗ್ಗಾವಿಯಲ್ಲಿ ಎಷ್ಟು ಚಹಾದಂಗಡಿಗಳಲ್ಲಿ ಸೋತು ಸೋತು ಈ ಮನುಷ್ಯ ಪಳಗಿದ್ದರೋ!

"ಆತ್ರಿ, ಆಣಿ ಹಾಕಿದ ಮ್ಯಾಲ ಮುಗೀತು," ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. "ಹಿರ್ಯಾರ ಮಾತು ಮೀರಾಕ ಬರತೈತೇನ್ರಿ? ಆದ್ರ ಇದು ಸರಿ ಹೋಗಲಿಲ್ರಿ."

"ಭಾಳ ದೊಡ್ಡ ಮನಸ್ಸ ಬಿಡ್ರಿ ನಿಮ್ದು," ಎಂದರು ಶಾಂತಕ್ಕ.

ಒಳಗೆ ಹೋಗುವುದೋ ಬೇಡವೋ ಎಂಬುದನ್ನು ನಮ್ಮಲ್ಲಿ ಯಾರೂ ತೀರ್ಮಾನಿಸಿರಲಿಲ್ಲ. ದುಡ್ಡು ಯಾರು ಕೊಡಬೇಕೆಂಬ ಜಗಳ ಮಾತ್ರ ಮುಗಿದಿತ್ತು. ರೇಟು ಕೇಳಲು ಬಂದವರು ನಾವು ಎಂದು ಹೇಳಬಹುದಿತ್ತು. ಆದರೆ ಈಗಷ್ಟೇ ಆಣೆ ಹಾಕಿದ ಬಾಯಿಯಿಂದ ಅದನ್ನು ಹೇಗೆ ಹೇಳುವುದು? ಅಷ್ಟರಲ್ಲಿ ಅಕ್ಕ ನನ್ನ ಅಂಗಿಯ ಕಿಸೆಯಿಂದ ಫೋನು ತೆಗೆದು ಕೌಂಟರಿನ ಮೇಲಿಟ್ಟಳು.

"ಒತ್ತು," ಎಂದಳು.

ಒತ್ತಿದೆ.

ಹಡಗಿಗೆ ಒಯ್ಯುವ ಸಣ್ಣ ದೋಣಿಗೆ ಇಳಿಯುವಾಗ ಅಕ್ಕನನ್ನು ದೋಣಿಯವರಿಬ್ಬರು ಹಿಡಿದುಕೊಂಡರು. ನಾನು ಹಿಡಿಯಲಿಲ್ಲ, ನಾನು ಆಗಲೇ ಇನ್ನೊಂದು ಚಿಂತೆಯಲ್ಲಿದ್ದೆ. ಊಟ ಅದರಲ್ಲೇ ಎಂದಿದ್ದಳಲ್ಲ ಆ ಹುಡುಗಿ? ನಾಲ್ಕು ಮಂದಿಯ ದುಡ್ಡನ್ನು ಒಂದು ಹೊಟ್ಟೆಯಿಂದ ವಸೂಲು ಮಾಡಬೇಕೆಂದರೆ ವೇಳೆ ಹಾಳು ಮಾಡುವಂತಿರಲಿಲ್ಲ. ಒಳಗೆ ಕಾಲಿಟ್ಟವನು ಎಡಬಲ ನೋಡದೆ ಊಟದ ಕಡೆ ನಡೆದೆ. ಅಲ್ಲೂ ಕೂರಲಾಗಲಿಲ್ಲ. ಪಲಾವು ತಿನ್ನುವಾಗ ಪನೀರಿನ ಪಾತ್ರೆ ಖಾಲಿಯಾಗುತ್ತಿದೆ ಎನ್ನಿಸುತ್ತಿತ್ತು, ಪನೀರಿನ ಮುಂದೆ ನಿಂತರೆ ಐಸ್‌ಕ್ರೀಮು ಕರಗುತ್ತಿದೆ ಎನ್ನಿಸುತ್ತಿತ್ತು. ಎದುರಿನ ಟೇಬಲ್ಲಿನಲ್ಲಿ ಗುರುಪಾದಪ್ಪ ಎರಡು ಪೂರಿ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಿದ್ದರು. ಅವರಿಗೇನು, ವಸೂಲು ಮಾಡಬೇಕಾದ್ದು ಏನೂ ಇರಲಿಲ್ಲ.

ನಡುವೆ ಅಕ್ಕ ಬಂದಳು. ಮುಖ ಕೆಂಪಾಗಿತ್ತು. "ಲಗೂನ ಬಾರೋ, ಅಲ್ಲೊಬ್ಬಾಕಿ ಆಡಾಕತ್ತಾಳ, ಆಕಿ ಮಾರಿ ನೋಡಬೇಕು ನೀ!"

"ಬಂದೆ, ಇದೊಂದು ಜಾಮೂನು."

ಅವಳು ಕಾಯದೆ ಹೋದಳು. ಆ ಮೊಣಕಾಲಿನಲ್ಲಿ ಅಷ್ಟು ಬೇಗ ಹೇಗೆ ನಡೆದಳೋ, ಅದನ್ನೂ ನಾನು ಸರಿಯಾಗಿ ನೋಡಲಿಲ್ಲ. ಅದು ಒಂದು ಜಾಮೂನಾಗಿರಲಿಲ್ಲ ಎಂಬುದಷ್ಟೇ ನಿಜ. ಕೊನೆಗೆ ಹೊಟ್ಟೆ ಹಿಡಿದುಕೊಂಡು ಮೂಲೆಯ ಸೋಫಾದ ಮೇಲೆ ಒರಗಿದವನು, ದೋಣಿ ಹೊರಡುತ್ತದೆ ಎಂದು ಅಕ್ಕ ಬಂದು ಅಲುಗಾಡಿಸಿದಾಗಲೇ ಎದ್ದದ್ದು.

ಈಗ ಆಪರೇಶನ್ ಆಗಿದೆ. ಸವಣೂರಿನಲ್ಲಿ ಅಕ್ಕ ಕಾಲು ಚಾಚಿ ಮಂಚದ ಮೇಲೆ ಕೂತಿರುತ್ತಾಳೆ, ಓಣಿಯ ಹೆಂಗಸರು ಸುತ್ತ ಕೂತು ಕೇಳುತ್ತಾರೆ, ಅವಳು ಕ್ಯಾಸಿನೊದ ಕಥೆ ಹೇಳುತ್ತಾಳೆ. ನೋಡಲು ಹೋದಾಗಲೆಲ್ಲ ನಾನೂ ಬಾಗಿಲ ಬಳಿ ಕೂತು ಕೇಳುತ್ತೇನೆ. ನನಗೂ ಅದೆಲ್ಲ ಹೊಸದೇ. ಹೋದ ಸಲ ಆ ಆಡುವವಳು ಹಸಿರು ಸೀರೆ ಉಟ್ಟು ಗೆದ್ದು, ಅಳುತ್ತ ಎದ್ದುಹೋದಳು. ಈ ಸಲ ಚೂಡಿದಾರದವಳಾಗಿ ಎಲ್ಲ ಸೋತು, ನಗುತ್ತ ಅಕ್ಕನ ಕೈ ಕುಲುಕಿದಳು. ಎರಡು ಸಲವೂ ಅಕ್ಕ ನನ್ನ ಕಡೆ ತಿರುಗಿ, "ಹೌದಿಲ್ಲೋ ತಮ್ಮಾ? ನೀ ಅಲ್ಲೇ ಇದ್ದಿ," ಎಂದಳು. ಎರಡು ಸಲವೂ ನಾನು ಹೌದು ಎಂದೆ. ನಾಲ್ಕು ಟಿಕೀಟು ತೆಗೆಸಿದವನು ಇನ್ನೇನು ಹೇಳಲಿ? ಜಾಮೂನು ಹೇಗಿತ್ತೆಂದು ಕೇಳಿದರೆ ಒಂದಕ್ಷರ ತಪ್ಪದೆ ಹೇಳಬಲ್ಲೆ. ಯಾರೂ ಕೇಳುವುದಿಲ್ಲ.