ಕಿರುಚದ ಬ್ರೇಕು

ಕಾರಿನ ಬ್ರೇಕ್ ಪ್ಯಾಡುಗಳನ್ನು ಈ ಭಾನುವಾರ ಸ್ವಹಸ್ತದಿಂದ ಬದಲಾಯಿಸುತ್ತೇನೆ, ಗ್ಯಾರೇಜಿನವನ ಮುಖವನ್ನೂ ನೋಡುವುದಿಲ್ಲ ಎಂದು ಊಟದ ಮೇಜಿನ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದೆ! ಕಾರಣವಿತ್ತು. ಬೀದಿಯ ತಿರುವಿನಲ್ಲಿ ನಮ್ಮ ಬ್ರೇಕು ಕಿರುಚುವ ಸದ್ದಿಗೆ ಅಕ್ಕಪಕ್ಕದವರು ಕಿಟಕಿ ಮುಚ್ಚತೊಡಗಿದ್ದರು.

"ಪ್ಯಾಡು ಸವೆದಾಗ ಅದರಲ್ಲಿರೋ ತಗಡಿನ ಚೂರು ಡಿಸ್ಕಿಗೆ ಉಜ್ಜುತ್ತೆ. ನನ್ನನ್ನ ಬದಲಾಯಿಸು ಅಂತ ಅದು ಬಾಯಿಬಿಟ್ಟು ಹೇಳೋದು ಹಾಗೆ" ಎಂದು ವಿವರಿಸಿದೆ.

"ಇರಲಿ ಬಿಡ್ರೀ, ಅದಕ್ಯಾಕೆ ಅವಸರ?" ಎಂದಳು ಹೆಂಡತಿ.

"ನಮಗೇನೂ ತೊಂದ್ರೆ ಇಲ್ಲಪ್ಪ" ಎಂದಳು ಮಗಳು. ನಮ್ಮ ಜೊತೆಗೇ ಇರುವ ಮಾವನವರು, ಕೇಳದೆ ಮಾತಾಡದವರು, "ಸದ್ದಿದ್ರೇನೇ ಒಳ್ಳೇದು" ಎಂದರು. ನನ್ನ ಕೈಗುಣದ ಮೇಲೆ ಒಬ್ಬರಿಗೂ ನಂಬಿಕೆಯಿಲ್ಲವಲ್ಲ ಎಂದು ರೋಷ ಉಕ್ಕಿತು.

ಭಾನುವಾರ ಜಾಕ್ ಹಾಕಿ ಚಕ್ರ ಕಳಚಿದೆ. ಹಳೆಯ ಪ್ಯಾಡು ಸವೆದು ಉಗುರಿನಷ್ಟಾಗಿತ್ತು. ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿ, ಎರಡೂ ಬದಿಗೆ ಹೊಸದನ್ನು ಕೂರಿಸಿ, ನಟ್ಟು ಬಿಗಿದು ದಿಗ್ವಿಜಯಕ್ಕೆ ಹೊರಟೆ. ಹೊರಡುವ ಮೊದಲು ಬ್ರೇಕ್ ಪೆಡಲನ್ನು ಒತ್ತಿ ಒತ್ತಿ ಗಟ್ಟಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬ್ರೇಕು ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ನೆನಪಾಗುವಷ್ಟರಲ್ಲಿ ಮಾವನವರ ಗುಲಾಬಿ ಕುಂಡ ಪುಡಿಯಾಗಿತ್ತು. ಅವರು ಗಿಡವನ್ನು ಬಕೆಟ್ಟಿನಲ್ಲಿ ನೆಟ್ಟರು.

ಸೋಮವಾರ ಸಂಜೆ ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಮನೆಮುಂದೆ ನಿಂತಿತು. ಬಾಗಿಲ ಬಳಿ ಬಂದರೆ, ಒಳಗೆ ಹೊಟ್ಟೆ ಹುಣ್ಣಾಗುವಂಥ ನಗು! ಮಾವನವರಿಗೆ ನಗಲು ಬರುತ್ತದೆಂದೇ ನನಗೆ ಅದುವರೆಗೂ ಗೊತ್ತಿರಲಿಲ್ಲ. ಕಿಟಕಿಯಲ್ಲಿ ಇಣುಕಿದರೆ, ಮಗಳು ನನ್ನ ಹಾಗೆಯೇ ಸೊಂಟಕ್ಕೆ ಕೈಕೊಟ್ಟು, "ಪ್ಯಾಡು ಸವೆದಾಗ ಏನಾಗುತ್ತೆ ಅಂದ್ರೆ..." ಎನ್ನುತ್ತಿದ್ದಳು.

ಬಾಗಿಲು ತೆರೆದೆ. ನಗು ಕತ್ತರಿಸಿದಂತೆ ನಿಂತಿತು. ಟೀವಿ ಆರಿತು, ಮಗಳ ಕೈಗೆ ಪುಸ್ತಕ ಬಂತು.

"ಬ್ರೇಕ್ ಸದ್ದೇ ಕೇಳಿಸಲಿಲ್ವಲ್ಲ" ಎಂದಳು ಹೆಂಡತಿ, ಮೆಲ್ಲಗೆ.

"ಹೊಸ ಪ್ಯಾಡು" ಎಂದೆ, ಹೆಮ್ಮೆಯಿಂದ. ಅರ್ಥವಾದದ್ದು ಆಮೇಲೆ. ಇಷ್ಟು ದಿನ ಆ ಕಿರುಚಾಟ ಕೇಳಿದೊಡನೆ ಇವರೆಲ್ಲ ತಮ್ಮ ನಗುವನ್ನು ಬಚ್ಚಿಡುತ್ತಿದ್ದರು.

"ನಾನು ಬಂದ್ರೆ ಯಾಕೆ ನಿಲ್ಲಿಸ್ತೀರಿ?"

"ನಕ್ಕರೆ ಕಾರಣ ಕೇಳ್ತೀರಿ. ಹೇಳಿದ್ರೆ ಅದರಲ್ಲಿ ತಪ್ಪು ಹುಡುಕ್ತೀರಿ. ಆಮೇಲೆ ನಗೋಕೆ ಏನು ಉಳಿಯುತ್ತೆ ರೀ?"

ಬೇಜಾರಾಯಿತು. ಅವಳು ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ಬೇಜಾರಾಯಿತು. "ಇವತ್ತಿಂದ ನಾನು ತುಟಿಪಿಟಕ್ ಅನ್ನಲ್ಲ. ಮುಂದುವರಿಸು ಮಗಳೇ" ಎಂದು ಮೂಲೆಯ ಕುರ್ಚಿಯಲ್ಲಿ ಕುಳಿತೆ.

ಅವಳು ಅಳುಕುತ್ತಲೇ ಮತ್ತೆ ಸೊಂಟಕ್ಕೆ ಕೈಕೊಟ್ಟಳು. "ಹೊಸ ಪ್ಯಾಡ್ ಹಾಕಿದ್ಮೇಲೆ ಪೆಡಲ್ ಎರಡು ಸಲ ಒತ್ಬೇಕು, ತಿಳೀತಾ?"

ಮಾವನವರ ಭುಜ ಕುಲುಕಿತು. ನಾನೂ ನಗಬೇಕೆಂದೇ ಬಾಯಿ ತೆರೆದೆ.

"ಎರಡು ಸಲ ಅಲ್ಲಮ್ಮ, ಗಟ್ಟಿಯಾಗೋವರೆಗೂ ಒತ್ಬೇಕು."

ಮಗಳು ಪುಸ್ತಕ ತೆಗೆದುಕೊಂಡಳು.

"ನಾಳೆಯಿಂದ ತಿರುವಿನಲ್ಲಿ ಹಾರ್ನ್ ಹೊಡೀರಿ" ಎಂದಳು ಹೆಂಡತಿ.

ಹೊಡೆಯುತ್ತಿದ್ದೇನೆ. ಹೊಡೆದು ಅಲ್ಲೇ ಸ್ವಲ್ಪ ಹೊತ್ತು ಕಾಯುತ್ತೇನೆ. ಮಾವನವರಿಗೆ ಮಂಡಿನೋವು, ನಗುತ್ತಾ ಕೂತವರಿಗೆ ಥಟ್ಟನೆ ಎದ್ದು ಒಳಗೆ ಹೋಗಲು ಆಗುವುದಿಲ್ಲ, ಪಾಪ.