ಗುಡುಗಣ್ಣನೂ ಕೆಂಪು ದೀಪವೂ

ಮೂವತ್ತೆಂಟು ವರ್ಷ ಬಾಯ್ಲರಿನ ಮುಂದೆ ನಿಂತು ದುಡಿದವನ ಗಂಟಲು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಗುಡುಗಣ್ಣ ಬೆಳಗ್ಗೆ ಹಾಲಿನವನನ್ನು ಕರೆಯುವುದನ್ನು ಕೇಳಬೇಕು. ಪಕ್ಕದ ಬೀದಿಯ ಹಾಲಿನವನೂ ಬಂದು ನಿಲ್ಲುತ್ತಾನೆ. ಧಣಿಗಳು ಕಾರ್ಖಾನೆಗೆ ಬೀಗ ಜಡಿದ ವರ್ಷ, ಅರವತ್ತೊಂದು ದಿನ ಗೇಟಿನ ಮುಂದೆ ಘೋಷಣೆ ಕೂಗಿದ್ದು ಇದೇ ಗಂಟಲು. ಮೈಕು ಹಿಡಿದು ಬಂದವನನ್ನು "ಅದನ್ನ ಮ್ಯಾನೇಜರಿಗೆ ಕೊಡು, ಪಾಪ ಅವನಿಗೆ ದನಿ ಇಲ್ಲ" ಎಂದು ಅಟ್ಟಿದ್ದೂ ಇದೇ ಗಂಟಲು.

ಅಂಥ ಗುಡುಗಣ್ಣ ಒಂದು ಬೆಳಗ್ಗೆ ಚಹಾದ ಲೋಟ ಕುಕ್ಕಿ ಘೋಷಿಸಿದ: "ನಾನು ಧ್ವನಿಮುದ್ರಣ ಕಲೀತೀನಿ. ಬುಡದಿಂದ ಕಲೀತೀನಿ."

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಮೊದಲು ಟೀವಿ ಸಣ್ಣಗೆ ಇಡೋದು ಕಲೀರಿ."

ಗುಡುಗಣ್ಣನ ಹಟಕ್ಕೆ ಕಾರಣವಿತ್ತು. ಸಂಘದವರು ಆ ಅರವತ್ತೊಂದು ದಿನದ ಕಥೆಯನ್ನು ಧ್ವನಿಯಲ್ಲಿ ದಾಖಲಿಸಿಡಲು ಹೊರಟಿದ್ದರು. ಗೇಟಿನ ಘೋಷಣೆಯನ್ನು ಗುಡುಗಣ್ಣನಿಂದಲೇ ಕೂಗಿಸಿ ಮುದ್ರಿಸಿಕೊಂಡು ಹೋದ ಹೊಸ ಕಾರ್ಯದರ್ಶಿ ಮಾರನೇ ದಿನ ಫೋನು ಮಾಡಿ, "ಅಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ದನಿ ಪೂರ್ತಿ ಒಡೆದುಹೋಗಿದೆ. ನಾಟಕದವರೊಬ್ಬರು ಇದಾರೆ, ಅವರ ಕೈಲಿ ಕೂಗಿಸಿಬಿಡ್ತೀವಿ" ಎಂದಿದ್ದ. ಲಾಠಿ ತಿಂದ ಬೆನ್ನು ಇವನದು, ಘೋಷಣೆ ಮೀಸೆ ಅಂಟಿಸಿಕೊಂಡವನದೇ! ಗುಡುಗಣ್ಣ ಜಗಳ ಕಾದು ಒಂದು ತಿಂಗಳ ಗಡುವು ಪಡೆದ. ಕೊನೆಯ ದಿನ ಸಂಜೆ ಐದರೊಳಗೆ ಶುದ್ಧವಾದ ಧ್ವನಿಮುದ್ರಿಕೆ ಕಳಿಸಬೇಕು, ಇಲ್ಲವಾದರೆ ನಾಟಕದವನೇ ಗತಿ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ತರಗತಿ ನಡೆಯುತ್ತಿತ್ತು. ಹಿಂದೆ ರೇಡಿಯೋದಲ್ಲಿದ್ದ ಹೆಂಗಸೊಬ್ಬಳು ಕಲಿಸುತ್ತಿದ್ದಳು. ಮೊದಲ ದಿನವೇ ಆಕೆ ಯಂತ್ರದ ದೀಪ ತೋರಿಸಿದಳು. ಹಸಿರಾದರೆ ಸರಿ, ಹಳದಿಯಾದರೆ ಹುಷಾರು, ಕೆಂಪು ಹತ್ತಿತೆಂದರೆ ಧ್ವನಿಯ ತಲೆ ಕತ್ತರಿಸಿ ಬಿತ್ತೆಂದೇ ಲೆಕ್ಕ, ಆಮೇಲೆ ಯಾರೂ ಅಂಟಿಸಲಾರರು. ಕೊನೆಯ ಬೆಂಚಿನಲ್ಲಿದ್ದ ಗುಡುಗಣ್ಣ ಅರ್ಥವಾಯಿತು ಎಂದು ಕೆಮ್ಮಿದ. ಕೆಂಪು ಹತ್ತಿತು. ಜೀವಮಾನವಿಡೀ ಕೆಂಪು ಬಾವುಟದ ಹಿಂದೆ ನಡೆದವನಿಗೆ ಕೆಂಪೇ ತಿರುಗಿ ಬಿದ್ದದ್ದು ಅದೇ ಮೊದಲು.

ಮೆಲ್ಲಗೆ ಮಾತಾಡುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ ಎಂದಳು ಮೇಡಂ. ಮಾಡಿದ. ಮೊದಲ ದಿನ ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದಳು. ಮೂರನೇ ದಿನ ಎದುರಿಗೆ ಕುರ್ಚಿ ಎಳೆದು ಕೂತು, "ಏನು ಮಾಡಿಟ್ಟಿದೀರಿ, ಹೇಳಿಬಿಡಿ. ಬೈಯಲ್ಲ" ಎಂದಳು.

ಮೇಡಂ ಕಲಿಸಿದ ಇನ್ನೊಂದು ಪಾಠ ಗುಡುಗಣ್ಣನಿಗೆ ಬಹಳ ಹಿಡಿಸಿತು. "ಫ್ರಿಜ್ ಗುಂಯ್ ಅನ್ನೋದು ನಮ್ಮ ಕಿವಿಗೆ ಬೀಳಲ್ಲ ಸರ್, ಮೈಕಿಗೆ ಬೀಳುತ್ತೆ. ಆರಿಸಿಬಿಡಿ. ಆದ್ರೆ ಮತ್ತೆ ಹಾಕೋದು ಮರ್ತೇ ಮರೀತೀರಿ. ಅದಕ್ಕೆ ಮನೆ ಬೀಗದ ಕೈನ ಫ್ರಿಜ್ಜೊಳಗೇ ಇಡಿ. ಹೊರಗೆ ಹೋಗೋಕೆ ಬೀಗದ ಕೈ ಬೇಕಲ್ಲ, ಆಗ ನೆನಪಾಗುತ್ತೆ."

ಭಲೇ ಉಪಾಯ. ಒಂದೇ ಒಂದು ಊನ: ನಿವೃತ್ತನಾದ ಗುಡುಗಣ್ಣನಿಗೆ ಹೊರಗೆ ಹೋಗುವ ಕೆಲಸವೂ ಇರಲಿಲ್ಲ, ಸ್ವಂತದ ಬೀಗದ ಕೈಯೂ ಇರಲಿಲ್ಲ. ಮನೆಯಲ್ಲಿದ್ದದ್ದು ಹೆಂಡತಿಯ ಗೊಂಚಲು. ಅದರಲ್ಲಿ ಮುಂಬಾಗಿಲಿನದೂ ಇತ್ತು, ಬೀರುವಿನದೂ ಇತ್ತು. ಬೀರುವಿನಲ್ಲಿ ಅವಳು ಊರಿನ ಬ್ಯಾಂಡಿನವರಿಗೆಂದು ಹೊಲಿದಿಟ್ಟ ಹದಿನೆಂಟು ಹೊಸ ಪ್ಯಾಂಟುಗಳಿದ್ದವು.

ಗಡುವಿನ ದಿನ ಬಂತು. ಬೆಳಗ್ಗೆ ಹತ್ತಕ್ಕೆ ಹೆಂಡತಿ ಗುಂಡಿ ತರಲು ಹೊರಟಳು. ಒಂದೇ ಗಂಟೆ ಮನೆ ನಿಮ್ಮದು, ಹನ್ನೊಂದಕ್ಕೆ ನನ್ನ ಮಿಷನ್ ಶುರು, ಹನ್ನೆರಡಕ್ಕೆ ಬ್ಯಾಂಡ್ ಮಾಸ್ತರು ಪ್ಯಾಂಟಿಗೆ ಬರ್ತಾರೆ ಎಂದು ತಾಕೀತು ಮಾಡಿದಳು. ಗಂಡ ಮನೆಯಲ್ಲೇ ಇದ್ದಾನಲ್ಲ ಎಂದು ಗೊಂಚಲನ್ನು ಮೊಳೆಗೇ ಬಿಟ್ಟು ಬಾಗಿಲೆಳೆದುಕೊಂಡಳು. ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು.

ಗುಡುಗಣ್ಣ ಸಮರಕ್ಕಿಳಿದ. ಫ್ಯಾನು ನಿಲ್ಲಿಸಿದ. ಗಡಿಯಾರವನ್ನು ದಿಂಬಿನ ಗವಸಿನೊಳಗೆ ಬಂಧಿಸಿದ. ಫ್ರಿಜ್ ಆರಿಸಿ, ಗೊಂಚಲನ್ನು ಒಳಗಿಟ್ಟು, ತನ್ನ ಬುದ್ಧಿಗೆ ತಾನೇ ತಲೆದೂಗಿದ. ಮುಚ್ಚಲು ಬಾರದ ಕಿಟಕಿಗೆ ಎರಡು ರಜಾಯಿ ನೇತುಹಾಕಿ, ಅದರ ಮುಂದೆ ತರಗತಿಯಿಂದ ಎರವಲು ತಂದ ಯಂತ್ರವಿಟ್ಟು, ಮೈಕು ನಿಲ್ಲಿಸಿ, ಹೆಡ್‌ಫೋನು ಏರಿಸಿ ಕೂಗಿದ: "ಬೀಗ ಜಡಿದ ಧಣಿಗಳಿಗೆ..."

ಕೆಂಪು!

ಯಂತ್ರ ಧ್ವನಿ ಹಿಡಿಯುವ ಲೆವೆಲ್ಲು ಇಳಿಸಿದ. ಕೆಂಪು. ಎರಡು ಹೆಜ್ಜೆ ಹಿಂದೆ ಸರಿದ. ಕೆಂಪು. ಲೆವೆಲ್ಲು ಇನ್ನೂ ಇಳಿಸಿ, ಹೆಡ್‌ಫೋನಿನ ತಂತಿ ಬಂದಷ್ಟೂ ದೂರ ಹೋಗಿ, ಕೊನೆಗೆ ಮೂಲೆಯಲ್ಲಿ ಮೈಕಿಗೆ ಬೆನ್ನು ಹಾಕಿ ಗೋಡೆಗೆ ಮುಖ ಕೊಟ್ಟು ನಿಂತು, ಕಣ್ಣು ಮುಚ್ಚಿ ಪಿಸುಗುಟ್ಟತೊಡಗಿದ. ಎಲ್ಲಿಂದಲೋ ದಬದಬ ಸದ್ದು ಕೇಳಿದಂತಾಯಿತು. ಪಕ್ಕದ ಮನೆಯವರು ಏನೋ ಕುಟ್ಟುತ್ತಿರಬೇಕೆಂದುಕೊಂಡು ಲೆವೆಲ್ಲನ್ನು ಮತ್ತೂ ಇಳಿಸಿ ಬಂದ.

ಕುಟ್ಟುತ್ತಿದ್ದವಳು ಹೆಂಡತಿ. ಹನ್ನೊಂದಕ್ಕೆ ಬಂದವಳು ಬಾಗಿಲು ತಟ್ಟಿದಳು, ಗುದ್ದಿದಳು, ಫೋನು ಮಾಡಿದಳು. ಫೋನನ್ನೂ ಗುಡುಗಣ್ಣ ಗಡಿಯಾರದ ಜೊತೆ ದಿಂಬಿನ ಗವಸಿಗೆ ಹಾಕಿದ್ದ. ಹನ್ನೆರಡಕ್ಕೆ ಬ್ಯಾಂಡ್ ಮಾಸ್ತರು ನಾಲ್ಕು ಜನರೊಂದಿಗೆ ಬಂದರು. ಎರಡು ಗಂಟೆಗೆ ಅವರ ಕಾರ್ಯಕ್ರಮ. ಹಳೆಯ ಪ್ಯಾಂಟುಗಳನ್ನು ಅಳತೆಗೆಂದು ಕೊಟ್ಟಿದ್ದರಾದ್ದರಿಂದ ಒಬ್ಬಿಬ್ಬರು ಪಂಚೆಯಲ್ಲೇ ಇದ್ದರು. ಹೆಂಡತಿ ಒಂದು ಕ್ಷಣ ಯೋಚಿಸಿದಳು. ತಿಂಗಳಿಡೀ ಕಿವಿಯಲ್ಲಿ ತುಂಬಿಕೊಂಡಿದ್ದ ಘೋಷಣೆ ಅವಳಿಗೆ ಬಾಯಿಪಾಠವಾಗಿತ್ತು. ಐದೂ ಜನರನ್ನು ಕಿಟಕಿಯ ಹೊರಗೆ ತನ್ನ ಹಿಂದೆ ಸಾಲಾಗಿ ನಿಲ್ಲಿಸಿ, ನಾನು ಕೂಗಿದ ಮೇಲೆ ನೀವು ಕೂಗಿ ಎಂದು ಹೇಳಿ, ಸರಳುಗಳ ನಡುವೆ ಕೊಡೆ ತೂರಿಸಿ ರಜಾಯಿ ಸರಿಸಿದಳು. ಬಾಯಿಗೂ ಮೈಕಿಗೂ ಒಂದೇ ಗೇಣು.

"ಬೀಗ ಜಡಿದ ಧಣಿಗಳಿಗೆ..."

"ಧಿಕ್ಕಾರ!" ಎಂದಿತು ಬ್ಯಾಂಡು.

ಹೆಡ್‌ಫೋನಿನೊಳಗೆ ಆ ಕರೆ ಮೊಳಗಿದ್ದೇ ತಡ, ಗುಡುಗಣ್ಣನ ಹಳೆಯ ನರಗಳೆಲ್ಲ ಎದ್ದು ನಿಂತವು. ಯಾರು, ಎಲ್ಲಿ, ಯಾಕೆ ಎಂದು ವಿಚಾರಿಸುವ ಪದ್ಧತಿ ಆ ನರಗಳಿಗಿರಲಿಲ್ಲ. ಕಣ್ಣು ಮುಚ್ಚಿದಂತೆಯೇ ಮುಷ್ಟಿ ಮೇಲೆತ್ತಿ, ಗೋಡೆಗೆ ಹೇಳಿದ: "ಧಿಕ್ಕಾರ! ಧಿಕ್ಕಾರ!"

"ತೆರೆಯಿರಿ ತೆರೆಯಿರಿ..."

"ಬಾಗಿಲು ತೆರೆಯಿರಿ!" ಬ್ಯಾಂಡಿಗಿಂತ ಜೋರಾಗಿ ಗುಡುಗಣ್ಣನೇ ಕೂಗಿದ. ತನ್ನ ಮೇಲೆಯೇ ನಡೆದ ಮುಷ್ಕರದಲ್ಲಿ ಮೂರು ನಿಮಿಷ ಮನಸಾರೆ ಭಾಗವಹಿಸಿದ ಮೇಲೆ, ಕೊಡೆಯ ತುದಿ ಮೈಕನ್ನು ಉರುಳಿಸಿತು. ತಿರುಗಿ ನೋಡಿದ. ಸರಳುಗಳ ಆಚೆ ಹೆಂಡತಿಯ ಮುಖವಿತ್ತು. ಪೊಲೀಸರ ಎದುರೂ ಇಳಿಯದ ಮುಷ್ಟಿ ಮೆಲ್ಲಗೆ ಇಳಿಯಿತು.

ಬಾಗಿಲೇನೋ ತೆರೆದ. ಬೀರುವಿನ ಬೀಗದ ಕೈ ಎಲ್ಲಿ ಎಂದರೆ ನೆನಪೇ ಇಲ್ಲ. ಹಾಸಿಗೆ ಕೊಡವಿದರು, ಚಪ್ಪಲಿ ಕೊಡವಿದರು, ಬ್ಯಾಂಡಿನವನೊಬ್ಬ ತನ್ನ ತುತ್ತೂರಿಯನ್ನೂ ಕೊಡವಿ ನೋಡಿದ. ಬಂದವರಿಗೆ ತಣ್ಣನೆ ನೀರನ್ನಾದರೂ ಕೊಡೋಣ ಎಂದು ಹೆಂಡತಿ ಫ್ರಿಜ್ ತೆರೆದಳು. ನೀರು ಬೆಚ್ಚಗಿತ್ತು. ಬೀಗದ ಕೈ ತಣ್ಣಗೆ ಕೂತಿತ್ತು.

"ಇದು ಇಲ್ಲಿ ಯಾಕಿದೆ?"

"ನೆನಪಿರಲಿ ಅಂತ ಇಟ್ಟಿದ್ದೆ ಕಣೇ" ಎಂದ ಗುಡುಗಣ್ಣ. ಆಮೇಲೆ ಅವಳು ಹೇಳಿದ್ದನ್ನು ಯಾವ ಯಂತ್ರವೂ ಮುದ್ರಿಸಿಕೊಳ್ಳದೆ ಇದ್ದದ್ದು ಅವನ ಪುಣ್ಯ.

ಪ್ಯಾಂಟುಗಳು ಹೋದವು. ನಾಲ್ಕೂವರೆಗೆ ಗುಡುಗಣ್ಣ ಮುದ್ರಿಸಿದ್ದನ್ನೆಲ್ಲ ಕೇಳಲು ಕೂತ. ಮೊದಲ ಇಪ್ಪತ್ತು ಸಲದ್ದು ಒಡೆದ ಮಡಕೆ. ನಂತರದ ಒಂದು ಗಂಟೆ ಬರೀ ಗಾಳಿ. ಕೊನೆಯ ಮೂರು ನಿಮಿಷ ಮಾತ್ರ ಹಸಿರು ದಾಟದ, ಎಲ್ಲೂ ಒಡೆಯದ, ಕೇಳಿದರೆ ಮೈ ಜುಮ್ಮೆನ್ನುವ ಹೆಂಗಸಿನ ಘೋಷಣೆ. ಅತ್ತ ನಾಟಕದವನು, ಇತ್ತ ಹೆಂಡತಿ! ಐದಕ್ಕೆ ಎರಡು ನಿಮಿಷವಿರುವಾಗ ಹಲ್ಲು ಕಚ್ಚಿ ಅದನ್ನೇ ಕಳಿಸಿದ.

ಅರ್ಧ ಗಂಟೆಯಲ್ಲಿ ಕಾರ್ಯದರ್ಶಿಯ ಫೋನು ಬಂತು. "ಅಣ್ಣ, ಇದು ಘೋಷಣೆ ಅಂದ್ರೆ. ನಿಜವಾಗಿ ಬಾಗಿಲ ಹೊರಗೆ ನಿಂತೋರ ಸಿಟ್ಟು ಇದೆ ಇದರಲ್ಲಿ. ನಾಟಕದವರಿಗೆ ಬೇಡ ಅಂದ್ಬಿಟ್ಟೆ."

"ನನ್ನ ದನಿನೂ ಇದೆ ಅದರಲ್ಲಿ" ಎಂದ ಗುಡುಗಣ್ಣ.

"ಹೌದಾ? ಹಿಂದೆ ಯಾರೋ ಒಬ್ಬರು ಧಿಕ್ಕಾರ ಧಿಕ್ಕಾರ ಅಂತಿದ್ರಲ್ಲ, ಅದಾ? ಅಯ್ಯೋ, ಯಾರೋ ದಾರೀಲಿ ಹೋಗೋರು ಅಂದ್ಕೊಂಡು ಅದನ್ನ ತಗ್ಗಿಸಿಬಿಟ್ವಲ್ಲ ಅಣ್ಣ."

ಫೋನು ಕೆಳಗಿಟ್ಟ. ಏನಂತೆ ಎಂದು ಹೆಂಡತಿ ಯಂತ್ರದ ಮುಂದಿನಿಂದಲೇ ಕೇಳಿದಳು.

"ಲೆವೆಲ್ಲು ಸರಿಯಾಗಿದೆಯಂತೆ" ಎಂದ ಗುಡುಗಣ್ಣ, ಎಷ್ಟು ಮೆಲ್ಲಗೆಂದರೆ ಅವಳು ಹೊಲಿಗೆ ನಿಲ್ಲಿಸಿ, ಎದ್ದು ಬಂದು, ಹಣೆ ಮುಟ್ಟಿ ನೋಡಿದಳು.