ಎಲ್ಲ ಫೋನಿಗೂ ಒಗ್ಗಿದ ಚೆನ್ನೆಮಣೆ

ಕೆಸುವಿನ ಎಲೆಯ ತುರಿಕೆಯಿಂದ ಪಾರಾಗಲೆಂದೇ ಜಯಶೀಲ ಹದಿನಾಲ್ಕು ಗುಳಿಯ ಚೆನ್ನೆಮಣೆಯ ಆಟವನ್ನು ಫೋನಿಗೆ ಹತ್ತಿಸಿದ್ದು. ನೆರೂಳದ ಕರಾವಳಿ ಸಂಘದ ಮಳೆಗಾಲದ ಆಟಿ ತಿಂಗಳ ಕೂಟಕ್ಕೆ ಪ್ರತಿವರ್ಷವೂ ಪತ್ರೊಡೆಗೆ ಕೆಸುವಿನ ಎಲೆಗಳ ನಾರು ತೆಗೆಯುವ ಕೆಲಸ ಅವನ ಪಾಲಿಗೆ. ಆಮೇಲೆ ವಾರವಿಡೀ ಅವನು ಕೈ ಕೆರೆದುಕೊಳ್ಳುವುದನ್ನು ನೋಡಿ ಠಾಣೆಯ ವಾಗ್ಳೆ ಎಸ್ಟೇಟಿನ ಅವನ ಆಫೀಸಿನವರು ಕುರ್ಚಿ ದೂರ ಸರಿಸುತ್ತಿದ್ದರು.

ಸಂಜೆ ಕ್ಲಾಸಿನಲ್ಲಿ ಕಲಿತ ವೆಬ್ ವಿದ್ಯೆ ಈ ಸಲ ಕೈಹಿಡಿಯುವಂತಿತ್ತು.

"ಎಲ್ಲರ ಮೊಬೈಲಿನಲ್ಲೂ ಆಟ ನಡೆದ್ರೆ ನೀನು ಸ್ಟೇಜಿನ ಮೇಲೆ, ಕುರ್ಚಿಯಲ್ಲಿ. ಒಬ್ಬರದ್ದು ನಿಂತ್ರೂ ಅಡುಗೆಮನೆಗೆ," ಎಂದಿದ್ದರು ಕಾರ್ಯದರ್ಶಿ ಮಧ್ವರಾಜರು.

ಭಾನುವಾರ ಬೆಳಿಗ್ಗೆ ಲಿಂಕ್ ಕಳಿಸಿದ್ದೇ ತಡ, ಸಭೆಯಲ್ಲಿ ಬೊಬ್ಬೆ ಎದ್ದಿತು.

"ಜಯಶೀಲಾ, ನನ್ನ ಮಣೆಗೆ ಏಳೇ ಗುಳಿ! ಉಳಿದ ಏಳು ದಾದರಿನಲ್ಲಿ ಇಳಿದ್ವಾ?"

"ನಂದ್ರಲ್ಲಿ ಕಾಯಿ ಮುಟ್ಟಿದ್ರೆ ಕುಂಬಳಕಾಯಿಯಷ್ಟು ದೊಡ್ಡದಾಗ್ತದೆ ಮಾರಾಯ!"

ಮಧ್ವರಾಜರ ದುಬಾರಿ ಫೋನಿನಲ್ಲಿ ಮಣೆಯೇ ತಲೆಕೆಳಗಾಗಿತ್ತು. ಅವರ ಮೊಮ್ಮಗಳು ಪ್ರೇಕ್ಷಾ, "ಅಜ್ಜಾ, ಬ್ರೌಸರ್ ಅಪ್‌ಡೇಟ್ ಕರೋ ನಾ!" ಎಂದು ತಲೆ ಚಚ್ಚಿಕೊಂಡಳು.

ಜಯಶೀಲ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರನ್ನು ಒಬ್ಬೊಬ್ಬರಾಗಿ ಸಮಾಧಾನಪಡಿಸುವವನಂತೆ ಒಂದೊಂದು ಬ್ರೌಸರನ್ನೂ ಒಲಿಸತೊಡಗಿದ. ಒಂದು ನಕ್ಕರೆ ಇನ್ನೊಂದು ಮುಖ ತಿರುಗಿಸುತ್ತಿತ್ತು. ಏನಾದರೂ ಕೆಟ್ಟರೆ ತಪ್ಪು ತನ್ನದೇ ಎಂದು ಅವನಿಗೆ ಖಾತ್ರಿ; ಸರಿಹೋದಾಗಲೇ ಅನುಮಾನ.

ಅಂತೂ ಎಲ್ಲವೂ ದಾರಿಗೆ ಬಂದವು. ನೆರೂಳದ ಬಾಗಿಯಕ್ಕ ಎದುರು ಬಂದವರನ್ನೆಲ್ಲ ಸೋಲಿಸಿ ಕುಳಿತರು. ಆಡಲು ಉಳಿದವರು ಕಲ್ಯಾಣದಿಂದ ಮೊದಲ ಸಲ ಬಂದಿದ್ದ ವಿಮಲಕ್ಕ ಒಬ್ಬರೇ. ಅವರ ಹಳೇ ಫೋನಿನಲ್ಲಿ ಆಟ ತೆರೆದರೆ ಬರೀ ಬಿಳಿ ಪರದೆ.

"ನಂಗೆ ಬೇಡ, ಬಿಟ್ಟುಬಿಡು ಮಾರಾಯ. ಇದು ಓಪನ್ ಆಗದಿದ್ರೇ ಒಳ್ಳೇದು," ಎಂದರು ವಿಮಲಕ್ಕ.

ಪಾಪ, ಬೇಸರದಿಂದ ಹೇಳುತ್ತಿದ್ದಾರೆ ಎಂದುಕೊಂಡ ಜಯಶೀಲ. "ಛೆ, ಹಾಗೆಲ್ಲ ಹೇಳ್ಬೇಡಿ ಅಕ್ಕಾ. ನಿಮ್ಮನ್ನು ಬಿಟ್ಟು ಆಟ ಮುಗಿಸ್ತೇನಾ?"

ಕಾಯಿ ಉರುಳುವ ಸದ್ದು ತೆಗೆದ. ಬಣ್ಣ ತೆಗೆದ. ನೆರಳು ತೆಗೆದ. ಕೊನೆಗೆ ಬೋಳು ಮಣೆಯೊಂದು ಆ ಫೋನಿನಲ್ಲಿ ಕಣ್ಣುಬಿಟ್ಟಿತು. ಸಭೆ ಚಪ್ಪಾಳೆ ತಟ್ಟಿತು. ಮಧ್ವರಾಜರು ಅವನ ತೋಳು ಹಿಡಿದು ಸ್ಟೇಜಿನ ಕುರ್ಚಿಯಲ್ಲಿ ಕೂರಿಸಿದರು. ಗತ್ತಿನಿಂದ ಬಟನ್ ಒತ್ತಿದ. ಗೋಡೆಯ ದೊಡ್ಡ ಪರದೆಯ ಮೇಲೆ ಅಕ್ಷರ ಮೂಡಿತು: 'ಬಾಗಿ, ವಿಮಲಾ. ಆಟ ಶುರು.'

ಸಭೆಯ ಚಪ್ಪಾಳೆ, ನಡುದಾರಿಯಲ್ಲಿ ಲೋಕಲ್ ರೈಲು ನಿಂತಂತೆ, ಗಕ್ಕನೆ ನಿಂತಿತು.

"ಅಯ್ಯೋ ದೇವರೇ! ನನ್ನ ಒಡಹುಟ್ಟಿದ ತಂಗಿಯನ್ನೇ ಎದುರು ಕೂರಿಸಿದ್ಯಾ?" ಬಾಗಿಯಕ್ಕ ಫೋನನ್ನು ಸೆರಗಿನಡಿ ಅಡಗಿಸಿದರು. "ಅಕ್ಕತಂಗಿ ಚೆನ್ನೆ ಆಡಬಾರ್ದು, ಆಡಿದ್ರೆ ಮನೆ ಮುರೀತದೆ ಅಂತ ನಿಂಗೆ ಯಾರೂ ಹೇಳ್ಲಿಲ್ವಾ?"

"ನಾನು ಬೇಡ ಬೇಡ ಅಂದೆ. ಇವ್ನು ಕೇಳ್ಬೇಕಲ್ಲ!" ಎಂದರು ವಿಮಲಕ್ಕ.

"ನಾನು ಬ್ರೌಸರ್ ಮಾತ್ರ ನೋಡಿದೆ ಅಕ್ಕಾ..." ಜಯಶೀಲ ತೊದಲಿದ.

"ಒಂದಲ್ಲ, ಎರಡು ಫೋನ್ ನಿಂತವು," ಎಂದು ಮಧ್ವರಾಜರು ತೀರ್ಪು ಕೊಟ್ಟರು. "ಏಳು ಮಾರಾಯ, ಕುರ್ಚಿ ಬಿಡು."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಟದಲ್ಲಿ ಎದುರಾಗಲೊಲ್ಲದ ಅಕ್ಕತಂಗಿಯರು ಕೆಸುವಿನ ಬುಟ್ಟಿಯ ಒಂದೊಂದು ಕಿವಿ ಹಿಡಿದು, ಜೊತೆಯಾಗಿಯೇ ತಂದು ಅವನ ಮುಂದಿಟ್ಟರು.

ಅಂದಿನ ಪತ್ರೊಡೆ ಠಾಣೆ, ಕಲ್ಯಾಣ, ನೆರೂಳ ಎನ್ನದೆ ಎಲ್ಲರ ನಾಲಿಗೆಗೂ ಒಗ್ಗಿತು. ಒಗ್ಗದೆ ಉಳಿದದ್ದು ಜಯಶೀಲನ ಹತ್ತು ಬೆರಳಿಗೆ ಮಾತ್ರ.